ತಲೆಮುಸುಕಿನ ಕ್ಲೋಕ್: ಚರಿತ್ರೆ ಮತ್ತು ಹೊಲಿಗೆ

ತಲೆಮುಸುಕಿನ ಕ್ಲೋಕ್ ತೋಳಿಲ್ಲದ ಹೊರಉಡುಪು. ಹೆಗಲಿನಿಂದ ಮೊಣಕಾಲಿನವರೆಗೋ ಹಿಮ್ಮಡಿಯವರೆಗೋ ಇಳಿಬೀಳುತ್ತದೆ. ಕುತ್ತಿಗೆಯ ಬಳಿ ಲಾಡಿಯಿಂದಲೋ ಕೊಂಡಿಯಿಂದಲೋ ಬಿಗಿದುಕೊಳ್ಳುತ್ತದೆ. ತಲೆಯನ್ನು ಮುಚ್ಚುವ ಮುಸುಕು ಅದರ ಕುತ್ತಿಗೆಗೇ ಹೊಲಿದಿರುತ್ತದೆ. ಯುರೋಪ್, ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಚಳಿ-ಮಳೆಯ ನಾಡುಗಳಲ್ಲಿ ಕುರುಬರು, ಗಾಡಿ ಹೊಡೆಯುವವರು, ಸೈನಿಕರು, ಮಠವಾಸಿಗಳು, ಸಂತೆಗೆ ಹೋಗುವ ಹೆಂಗಸರು ಎರಡು ಸಾವಿರ ವರ್ಷಗಳಿಂದ ಇದನ್ನು ಹೊದ್ದಿದ್ದಾರೆ. ಈಗಿನ ಸಿನಿಮಾಗಳಲ್ಲಿ ಮಾಂತ್ರಿಕರೂ ರಾಜಕುಮಾರರೂ ಇದನ್ನು ತೊಟ್ಟು ಬರುವುದರಿಂದ ಇದೊಂದು ವೈಭವದ ವೇಷ ಎಂಬ ಭಾವನೆ ಬೆಳೆದಿದೆ. ನಿಜದಲ್ಲಿ ಇದು ಬಹುಪಾಲು ಬಯಲಲ್ಲಿ ದುಡಿಯುವವರ ಬಟ್ಟೆ. ದುಡಿಯುವವರ ಬಟ್ಟೆ ಹರಿದು ಚಿಂದಿಯಾಗುವವರೆಗೂ ಮೈಮೇಲಿರುತ್ತದೆ, ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಇದರ ಚರಿತ್ರೆಯನ್ನು ಶಿಲ್ಪಗಳಿಂದ, ಕಾನೂನುಗಳಿಂದ, ಕೆಸರಿನಲ್ಲಿಯೂ ಹೆಪ್ಪುಗಟ್ಟಿದ ಮಣ್ಣಿನಲ್ಲಿಯೂ ಅಕಸ್ಮಾತ್ತಾಗಿ ಉಳಿದ ಕೆಲವೇ ಉಡುಪುಗಳಿಂದ ಕಟ್ಟಿಕೊಳ್ಳಬೇಕಾಗಿದೆ.

ಬರಹಗಳಲ್ಲಿ ಸ್ಪಷ್ಟವಾಗಿ ಕಾಣುವ ಹಳೆಯ ಮಾದರಿ ರೋಮನ್ನರ ಪೈನುಲ. ದಪ್ಪ ಉಣ್ಣೆಯಿಂದಲೋ ತೊಗಲಿನಿಂದಲೋ ಮಾಡಿ, ಮುಂಭಾಗವನ್ನು ಹೊಲಿದು ಮುಚ್ಚಿ, ತಲೆಯ ಮೇಲಿಂದ ಇಳಿಸಿ ತೊಡುತ್ತಿದ್ದ ಉಡುಪು ಅದು. ಟೋಗಾ ಪೌರನ ಅಂತಸ್ತಿನ ಗುರುತಾಗಿದ್ದರೆ ಪೈನುಲ ದೂರದ ದಾರಿ ಹಿಡಿದವನ, ಮಳೆಯಲ್ಲಿ ನೆನೆಯುವ ಕೆಲಸಗಾರನ ಆಸರೆಯಾಗಿತ್ತು. ಕ್ರೈಸ್ತ ಪಾದ್ರಿಗಳು ಪೂಜೆಯ ವೇಳೆ ತೊಡುವ ಚಾಸುಬಲ್ ಬೆಳೆದು ಬಂದದ್ದು ಇದರಿಂದಲೇ. ಗಾಲ್ ಮತ್ತು ಬ್ರಿಟನ್ ಪ್ರಾಂತಗಳು ಇಂಥ ಮುಸುಕಿನ ಉಡುಪುಗಳಿಗೆ ಹೆಸರಾಗಿದ್ದವು. ಮೂರನೆಯ ಶತಮಾನದ ಆರಂಭದಲ್ಲಿ ಆಳಿದ ಚಕ್ರವರ್ತಿಯೊಬ್ಬ ಗಾಲ್ ನಾಡಿನ ಕರಕಲ್ಲ ಎಂಬ ಉಡುಪನ್ನು ಎಷ್ಟು ಮೆಚ್ಚಿದನೆಂದರೆ ಅವನ ನಿಜನಾಮ ಹಿಂದೆ ಬಿದ್ದು ಚರಿತ್ರೆಯಲ್ಲಿ ಅವನು ಕರಕಲ್ಲ ಎಂದೇ ಉಳಿದ. ಕ್ರಿ.ಶ. 301ರಲ್ಲಿ ಡಯೋಕ್ಲಿಷಿಯನ್ ಹೊರಡಿಸಿದ ಗರಿಷ್ಠ ಬೆಲೆಗಳ ಆಜ್ಞೆಯಲ್ಲಿ ಬ್ರಿಟನ್ನಿನ ಮುಸುಕಿನ ಕ್ಲೋಕ್ ಆದ ಬಿರ್ರಸ್‌ಗೆ 6,000 ದಿನಾರಿ ಎಂದು ಗೊತ್ತುಮಾಡಲಾಗಿದೆ. ಅದೇ ಆಜ್ಞೆ ಹೊಲದ ಕೂಲಿಯವನಿಗೆ ಊಟದ ಜೊತೆ ದಿನಕ್ಕೆ 25 ದಿನಾರಿ ಕೊಡಬಹುದೆನ್ನುತ್ತದೆ. ಅಂದರೆ ಒಳ್ಳೆಯ ಕ್ಲೋಕ್ ಒಂದರ ಬೆಲೆ 240 ದಿನಗಳ ಕೂಲಿ. ಅಂಥ ಬಟ್ಟೆಯನ್ನು ಒಂದು ತಲೆಮಾರು ಬಳಸಿ ಇನ್ನೊಂದಕ್ಕೆ ದಾಟಿಸುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಂಗ್ಲೆಂಡಿನ ಉತ್ತರದಲ್ಲಿರುವ ಹೇಡ್ರಿಯನ್ ಗೋಡೆಯ ಹೌಸ್‌ಸ್ಟೆಡ್ಸ್ ಕೋಟೆಯಲ್ಲಿ, ದಕ್ಷಿಣದ ಸೈರನ್‌ಸೆಸ್ಟರ್‌ನಲ್ಲಿ ಮುಸುಕು ಹೊದ್ದ ಮೂವರು ಪುಟ್ಟ ದೇವತೆಗಳ ಕಲ್ಲುಗಳು ಸಿಕ್ಕಿವೆ. ಮುಖ ಬಿಟ್ಟು ಮಿಕ್ಕೆಲ್ಲ ಮುಚ್ಚಿದ ಆ ನಿಲುವನ್ನು ನೋಡಿದರೆ ಅಲ್ಲಿನ ಜನ ತಮ್ಮ ದೇವರಿಗೂ ಮಳೆಯ ಬಟ್ಟೆಯನ್ನೇ ತೊಡಿಸಿದ್ದು ಕಾಣುತ್ತದೆ. ಸ್ಕಾಟ್‌ಲೆಂಡಿನ ಆರ್ಕ್ನಿ ದ್ವೀಪದ ಜೌಗುಮಣ್ಣಿನಲ್ಲಿ 1867ರಲ್ಲಿ ಸಿಕ್ಕಿದ ಉಣ್ಣೆಯ ಮುಸುಕು ರೋಮನ್ನರ ಕಾಲಕ್ಕೆ ಹತ್ತಿರದ್ದು. ಇಂಗಾಲ ಪರೀಕ್ಷೆ ಅದನ್ನು ಕ್ರಿ.ಶ. 250ರಿಂದ 615ರ ನಡುವೆ ಇಡುತ್ತದೆ. ಅಳತೆ ನೋಡಿದರೆ ಅದು ಮಗುವಿನದು. ಹಳೆಯ ಬಟ್ಟೆಯೊಂದನ್ನು ಮತ್ತೆ ಕತ್ತರಿಸಿ, ಅಂಚಿಗೆ ಪಟ್ಟಿ ನೇಯ್ದು, ಕೆಳಗೆ ಉದ್ದುದ್ದ ಕುಚ್ಚು ಇಳಿಬಿಟ್ಟಿದ್ದಾರೆ. ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಈ ಒಂದು ತುಂಡು, ಹರಿದ ಬಟ್ಟೆಯಿಂದ ಮಗುವಿಗೆ ಬೆಚ್ಚನೆಯದನ್ನು ಹೊಲಿದುಕೊಟ್ಟ ಯಾರದೋ ಕೈಗೆ ಸಾಕ್ಷಿ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠದ ನಿಯಮಾವಳಿಯ 55ನೆಯ ಅಧ್ಯಾಯ ಮಠವಾಸಿಗೆ ಎರಡು ಅಂಗಿ, ಎರಡು ಮುಸುಕಿನ ಉಡುಪು ಸಾಕೆನ್ನುತ್ತದೆ. ಚಳಿಗಾಲಕ್ಕೆ ದಪ್ಪನೆಯದು, ಬೇಸಗೆಗೆ ತೆಳುವಾದದ್ದು ಅಥವಾ ಸವೆದದ್ದು. ಕ್ರೈಸ್ತ ಮಠಗಳ ಉಡುಪಿನಲ್ಲಿ ಮುಸುಕು ಇಂದಿಗೂ ಉಳಿದಿರುವುದಕ್ಕೆ ಇದೂ ಒಂದು ಮೂಲ.

ಮಧ್ಯಯುಗದ ಬಹುಕಾಲ ಮುಸುಕು ಮತ್ತು ಕ್ಲೋಕ್ ಎರಡು ಬೇರೆ ಉಡುಪುಗಳಾಗಿದ್ದವು ಎಂಬುದನ್ನು ಇಂದು ವೇಷ ಹೊಲಿಯುವವರು ಬಹಳ ಸಲ ಮರೆಯುತ್ತಾರೆ. ಹೆಗಲನ್ನಷ್ಟೇ ಮುಚ್ಚುವ ಗಿಡ್ಡ ಮುಸುಕನ್ನು ತಲೆಯ ಮೇಲಿಂದ ಇಳಿಸಿಕೊಂಡು, ಅದರ ಹೊರಗೋ ಒಳಗೋ ಮುಸುಕಿಲ್ಲದ ಕ್ಲೋಕ್ ಹೊದೆಯುತ್ತಿದ್ದರು. ಸ್ವೀಡನ್ನಿನ ವಾರ್‌ಬರ್ಗ್ ಹತ್ತಿರದ ಜೌಗಿನಲ್ಲಿ 1936ರಲ್ಲಿ ದೊರೆತ ಬಾಕ್ಸ್‌ಟೆನ್ ಮನುಷ್ಯನ ದೇಹದ ಮೇಲೆ ಇದು ಕಣ್ಣಾರೆ ಕಾಣುತ್ತದೆ. ಹದಿನಾಲ್ಕನೆಯ ಶತಮಾನದ ಈ ಮನುಷ್ಯನನ್ನು ಕೊಂದು, ಮರದ ಗೂಟಗಳನ್ನು ಜಡಿದು ಹೂತಿದ್ದರು. ಜೌಗಿನ ಆಮ್ಲ ಅವನ ಉಣ್ಣೆ ಬಟ್ಟೆಗಳನ್ನು ಬಹುತೇಕ ಪೂರ್ತಿಯಾಗಿ ಕಾಪಾಡಿತು: ಅಂಗಿ, ಕಾಲ್ಚೀಲ, ಕ್ಲೋಕ್, ಮತ್ತು ಹಿಂದೆ ಸುಮಾರು 90 ಸೆಂ.ಮೀ. ಉದ್ದದ ಬಾಲ ಇಳಿಬಿಟ್ಟ ಮುಸುಕು. ಲಿರಿಪೈಪ್ ಎಂಬ ಈ ಬಾಲ ಆಗಿನ ಷೋಕಿ. ಅದನ್ನು ಕುತ್ತಿಗೆಗೆ ಸುತ್ತಿಕೊಂಡರೆ ಚಳಿಗೂ ಆಗುತ್ತಿತ್ತು.

ಇದಕ್ಕಿಂತ ದೊಡ್ಡ ನಿಧಿ ಗ್ರೀನ್‌ಲೆಂಡಿನ ಹೆರ್ಯೋಲ್ಫ್ಸ್‌ನೆಸ್. ನಾರ್ಸ್ ವಲಸಿಗರ ಈ ಊರಿನ ಇಗರ್ಜಿಯ ಸ್ಮಶಾನವನ್ನು ಡೆನ್ಮಾರ್ಕಿನ ಪೌಲ್ ನೋರ್ಲುಂಡ್ 1921ರಲ್ಲಿ ಅಗೆದರು. ಅಲ್ಲಿ ಮರ ಅಪರೂಪ. ಶವಪೆಟ್ಟಿಗೆಗೆ ಹಲಗೆಯಿಲ್ಲದೆ ಸತ್ತವರನ್ನು ಅವರ ಹಳೆಯ ಬಟ್ಟೆಗಳಲ್ಲೇ ಸುತ್ತಿ ಹೂಳುತ್ತಿದ್ದರು. ಹೆಪ್ಪುಗಟ್ಟಿದ ನೆಲ ಅವನ್ನು ಉಳಿಸಿತು. ಮನೆಯ ಮಗ್ಗದಲ್ಲಿ ನೇಯ್ದ ಉಣ್ಣೆಯ ನಿಲುವಂಗಿಗಳು, ಹಲವಾರು ಮುಸುಕುಗಳು ಹೊರಬಂದವು. ನೋರ್ಲುಂಡ್ 1924ರಲ್ಲಿ ಅವುಗಳ ವಿವರಗಳನ್ನು ಪ್ರಕಟಿಸಿದರು. ಇಂದು ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಈ ಮುಸುಕುಗಳಲ್ಲಿ ಎದೆಯ ಮೇಲೋ ಹೆಗಲ ಮೇಲೋ ತ್ರಿಕೋನದ ತುಂಡುಗಳನ್ನು ಕೂಡಿಸಿ ಅಗಲ ಮಾಡಿದ್ದಾರೆ. ಕುತ್ತಿಗೆಯ ಬಳಿ ಬಿಗಿಯಾಗಿ ಹೆಗಲಿನ ಮೇಲೆ ಹರಡಿಕೊಳ್ಳಬೇಕಾದ ಉಡುಪಿಗೆ ಇದಕ್ಕಿಂತ ಜಾಣ ಉಪಾಯ ಬೇರೆಯಿಲ್ಲ. ಮಧ್ಯಯುಗದ ಬಡವರ ಹೊಲಿಗೆಯ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಈ ಒಂದು ಸ್ಮಶಾನದ್ದು.

ಐರ್ಲೆಂಡಿನಲ್ಲಿ ಕ್ಲೋಕ್ ರಾಜಕೀಯದ ವಿಷಯವೂ ಆಯಿತು. ಒರಟು ಉಣ್ಣೆಯ ಐರಿಷ್ ಹೊದಿಕೆ ಹಗಲು ಉಡುಪು, ರಾತ್ರಿ ಹಾಸಿಗೆ, ಮಳೆಗೆ ಮನೆ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಕಾಲದ 1537ರ ಶಾಸನವೊಂದು ಐರಿಷ್ ರೀತಿಯ ಹೊದಿಕೆ, ಅಂಗಿ, ಮುಸುಕುಗಳನ್ನು ತೊಡಕೂಡದೆಂದು ವಿಧಿಸಿತು. ಕವಿ ಎಡ್ಮಂಡ್ ಸ್ಪೆನ್ಸರ್ 1596ರ ಸುಮಾರಿಗೆ ಐರ್ಲೆಂಡಿನ ಸ್ಥಿತಿಗತಿಯ ಬಗ್ಗೆ ಬರೆದ ಸಂವಾದದಲ್ಲಿ, ಈ ಹೊದಿಕೆ ಬಂಡಾಯಗಾರರಿಗೂ ಕಳ್ಳರಿಗೂ ಮರೆಯಾಗುತ್ತದೆಂದು ದೂರಿ ಅದನ್ನು ತೊಡೆದುಹಾಕಬೇಕೆಂದು ವಾದಿಸಿದ. ಒಂದು ಜನಾಂಗವನ್ನು ಬಗ್ಗಿಸಲು ಮೊದಲು ಅದರ ಹೊದಿಕೆಯ ಮೇಲೆ ಕೈಯಿಟ್ಟ ಈ ಪ್ರಸಂಗವನ್ನು ಉಡುಪಿನ ಚರಿತ್ರಕಾರರು ಮರೆಯಬಾರದು. ಶಾಸನ ಗೆಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷ್ ಹೆಂಗಸರ ಕ್ಲೋಕ್ ದೇಶದ ಗುರುತೇ ಆಗಿತ್ತು. ಕಾರ್ಕ್ ಪ್ರಾಂತದ ಕಿನ್ಸೇಲ್, ಬ್ಯಾಂಡನ್, ಮಕ್ರೂಮ್ ಊರುಗಳ ಕಪ್ಪು ಕ್ಲೋಕ್ ಇವುಗಳಲ್ಲೆಲ್ಲ ಘನವಾದದ್ದು: ಹಿಮ್ಮಡಿ ಮುಟ್ಟುವ ದಟ್ಟ ಉಣ್ಣೆ, ಕುತ್ತಿಗೆಯ ಸುತ್ತ ಒತ್ತೊತ್ತಾದ ನೆರಿಗೆ, ಸ್ಯಾಟಿನ್ ಅಸ್ತರಿಯ ವಿಶಾಲ ಮುಸುಕು. ಮದುವೆಯ ಹೊತ್ತಿಗೆ ಮಾಡಿಸಿಕೊಂಡ ಕ್ಲೋಕ್ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲೂ ಕೆಲವು ಹಿರಿಯ ಹೆಂಗಸರು ಇಗರ್ಜಿಗೆ ಅದನ್ನೇ ತೊಟ್ಟು ಹೋಗುತ್ತಿದ್ದರು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹದಿನೆಂಟನೆಯ ಶತಮಾನದ ಹೆಣ್ಣುಡುಗೆ ಕಡುಗೆಂಪು ಕ್ಲೋಕ್. ಕಾರ್ಡಿನಲ್ ಎಂಬ ಅದರ ಹೆಸರು ಕೆಂಪು ನಿಲುವಂಗಿಯ ಧರ್ಮಗುರುಗಳಿಂದ ಬಂದದ್ದು. ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಕಣಿವೆಯ ಗಿರಣಿಗಳು ಕೆಂಪು ಉಣ್ಣೆ ಬಟ್ಟೆಗೆ ಹೆಸರುವಾಸಿ. ಕೊಚಿನೀಲ್ ಹುಳುವಿನ ಬಣ್ಣಕ್ಕೆ ತವರದ ಲವಣ ಸೇರಿಸಿದಾಗ ಆ ಉರಿಗೆಂಪು ಏಳುತ್ತಿತ್ತು. 1797ರ ಫೆಬ್ರವರಿಯಲ್ಲಿ ಫ್ರೆಂಚ್ ದಂಡು ವೇಲ್ಸಿನ ಫಿಷ್‌ಗಾರ್ಡ್ ಬಳಿ ಇಳಿದಾಗ, ದೂರದಲ್ಲಿ ಕೆಂಪು ಹೊದ್ದು ನಿಂತ ಹೆಂಗಸರನ್ನು ಬ್ರಿಟಿಷ್ ಸಿಪಾಯಿಗಳೆಂದು ತಿಳಿದು ಎದೆಗುಂದಿತು ಎಂಬ ಐತಿಹ್ಯ ಅಲ್ಲಿ ಇನ್ನೂ ಜೀವಂತವಾಗಿದೆ. ಮಕ್ಕಳ ಕತೆಯ ಕೆಂಪು ಟೋಪಿಯ ಹುಡುಗಿಗೆ ಷಾರ್ಲ್ ಪೆರೊ 1697ರಲ್ಲಿ ಕೊಟ್ಟದ್ದು ಬರಿಯ ಮುಸುಕು. ಗ್ರಿಮ್ ಸೋದರರು 1812ರಲ್ಲಿ ಕೊಟ್ಟದ್ದು ಮಖಮಲ್ಲಿನ ಟೋಪಿ. ಪೂರ್ತಿ ಕ್ಲೋಕ್ ತೊಡಿಸಿದವರು ಆಮೇಲಿನ ಚಿತ್ರಕಾರರು.

ಬೇರೆ ನಾಡುಗಳ ಮಾದರಿಗಳಲ್ಲಿ ಉತ್ತರ ಆಫ್ರಿಕದ ಬರ್ನೂಸ್ ವಿಶೇಷ ಗಮನಕ್ಕೆ ಯೋಗ್ಯ. ಬರ್ಬರ್ ಜನ ಇದನ್ನು ಮುಸುಕಿನ ಸಮೇತ ಮಗ್ಗದಲ್ಲೇ ಆಕಾರ ಕೊಟ್ಟು ನೇಯುತ್ತಿದ್ದರು. ಕತ್ತರಿಗೆ ಕೆಲಸವೇ ಇಲ್ಲ. ಮೊರಾಕೊದ ಸಿರುವಾ ಪರ್ವತ ಪ್ರದೇಶದ ಅಖ್ನಿಫ್ ಎಂಬ ಇಂಥದೇ ಕ್ಲೋಕ್‌ನ ಬೆನ್ನಿನ ಮೇಲೆ ಕಣ್ಣಿನಾಕಾರದ ದೊಡ್ಡ ಕೆಂಪು ಚಿತ್ತಾರವೂ ನೇಯ್ಗೆಯಲ್ಲೇ ಮೂಡುತ್ತದೆ. ಅಲ್ಜೀರಿಯವನ್ನು ಹಿಡಿದ ಫ್ರೆಂಚರು ತಮ್ಮ ಸ್ಪಾಹಿ ಕುದುರೆದಳಕ್ಕೆ ಬರ್ನೂಸನ್ನೇ ಸಮವಸ್ತ್ರ ಮಾಡಿಕೊಂಡರು. ತುರ್ಕಿಯ ಕುರುಬರ ಕೆಪೆನೆಕ್ ನೇಯ್ದದ್ದೂ ಅಲ್ಲ, ಉಣ್ಣೆಯನ್ನು ಒದ್ದೆ ಮಾಡಿ ಒತ್ತಿ ಹಾಳೆಯಂತೆ ಕೂಡಿಸಿದ್ದು. ಕಾಕಸಸ್ ಸೀಮೆಯಲ್ಲಿ ಬುರ್ಕಾ ಎಂಬ ಉಣ್ಣೆಹಾಳೆಯ ಕ್ಲೋಕ್‌ಗೆ ಮುಸುಕಿಲ್ಲ. ಬಷ್ಲಿಕ್ ಎಂಬ ಬೇರೆ ಮುಸುಕನ್ನು ಕಟ್ಟಿಕೊಳ್ಳುತ್ತಾರೆ. ಮಾಲ್ಟಾದ ಹೆಂಗಸರ ಫಲ್ದೆಟ್ಟ, ಅಜೋರ್ಸ್ ದ್ವೀಪಗಳ ಕಪೋಟೆ ಎರಡರಲ್ಲೂ ಮುಸುಕಿಗೆ ಬಿರುಸಾದ ಒಳಪಟ್ಟಿ ಕೊಟ್ಟು ಕಮಾನಿನಂತೆ ನಿಲ್ಲಿಸುತ್ತಿದ್ದರು. ಪೋರ್ಚುಗಲ್ಲಿನ ಮಿರಾಂಡಾ ದೊ ದೋರೊದ ಕಂದು ಕ್ಲೋಕ್ ಕತ್ತರಿಸಿ ಮೇಲೆ ಹೊಲಿದ ಬಟ್ಟೆಯ ಕುಸುರಿಗೆ ಪ್ರಸಿದ್ಧ. ಸಮಾರಂಭಗಳಲ್ಲಿ ಈಗಲೂ ತೊಡುತ್ತಾರೆ.

ಬಟ್ಟೆ

ಕ್ಲೋಕ್‌ನ ಗುಣವನ್ನು ತೀರ್ಮಾನಿಸುವುದು ದರ್ಜಿಗಿಂತ ಮೊದಲು ಬಟ್ಟೆ. ಹಳೆಯ ಒಳ್ಳೆಯ ಕ್ಲೋಕ್‌ಗಳಲ್ಲಿ ಹಲವುಗಳ ಬಟ್ಟೆ ಬ್ರಾಡ್‌ಕ್ಲಾತ್ ಎಂಬ ಉಣ್ಣೆ. ಮಗ್ಗದಲ್ಲಿ ಬೇಕಾದ್ದಕ್ಕಿಂತ ತುಂಬ ಅಗಲವಾಗಿ ನೇಯ್ದು, ಜೇಡಿಮಣ್ಣು ಬೆರೆಸಿದ ನೀರಿನಲ್ಲಿ ತುಳಿದು ಅಥವಾ ನೀರಿನ ಬಲದಿಂದ ಓಡುವ ಕೊಡತಿಗಳಿಂದ ಬಡಿದು ಕುಗ್ಗಿಸುತ್ತಿದ್ದರು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ನೇಯ್ಗೆಯೇ ಕಾಣದಷ್ಟು ದಟ್ಟವಾಗುತ್ತಿತ್ತು. ಬಳಿಕ ಮುಳ್ಳಿನ ಒಣಹೂಗಳಿಂದ ಮೇಲ್ಮೈಯನ್ನು ಕೆರೆದು ನವಿರು ಎಬ್ಬಿಸಿ, ದೊಡ್ಡ ಕತ್ತರಿಗಳಿಂದ ಸಮ ಮಾಡುತ್ತಿದ್ದರು. ಇಂಥ ಬಟ್ಟೆಗೆ ಎರಡು ಗುಣ: ಮಳೆಹನಿ ನವಿರಿನ ಮೇಲೆ ಜಾರುತ್ತದೆ, ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚಿಕೊಳ್ಳುವುದಿಲ್ಲ. ಇಂಗ್ಲೆಂಡಿನ ಕೆಂಪು ಕ್ಲೋಕ್‌ಗಳ ಕೆಳ ಅಂಚನ್ನು ಮಡಿಸಿ ಹೊಲಿಯದೆ ಹಾಗೇ ಬಿಟ್ಟಿರುವುದು ಇದರಿಂದಲೇ. ಅದು ಸೋಮಾರಿತನವಲ್ಲ, ಬಟ್ಟೆಯ ಮೇಲಿನ ಭರವಸೆ. ಪಾಲಿಯೆಸ್ಟರ್ ಸ್ಯಾಟಿನ್ನಿನಲ್ಲೋ ತೆಳು ವೆಲ್ವೆಟ್ಟಿನಲ್ಲೋ ಹೊಲಿದ ಕ್ಲೋಕ್ ನಾಟಕಕ್ಕೆ ಸರಿಹೋದೀತು; ಗಾಳಿಗೆ ಹಾರುತ್ತದೆ, ಮೈಗೆ ಕೂರುವುದಿಲ್ಲ.

ಕತ್ತರಿಸುವ ಕ್ರಮ

ಮೂಲ ಆಕಾರ ಅರ್ಧವೃತ್ತ. ಅದರ ನೇರ ಅಂಚು ಎದುರಿನ ಎರಡು ಪಾರ್ಶ್ವಗಳಾಗುತ್ತದೆ, ಬಾಗಿದ ಅಂಚು ಕೆಳಗಿನ ಘೇರ್ ಆಗುತ್ತದೆ, ನಡುವೆ ಕೊರೆದ ಸಣ್ಣ ಅರ್ಧವೃತ್ತ ಕುತ್ತಿಗೆ. ಲೆಕ್ಕ ಸುಲಭ. ಕುತ್ತಿಗೆಯ ಸುತ್ತಳತೆ 45 ಸೆಂ.ಮೀ. ಬೇಕಾದರೆ ಒಳಗಿನ ತ್ರಿಜ್ಯ ಸುಮಾರು 14 ಸೆಂ.ಮೀ. ಅದಕ್ಕೆ ಕ್ಲೋಕ್‌ನ ಉದ್ದ 120 ಸೆಂ.ಮೀ. ಕೂಡಿಸಿದರೆ ಹೊರಗಿನ ತ್ರಿಜ್ಯ 134. ಒಂದೂವರೆ ಮೀಟರ್ ಪನ್ನದ ಬಟ್ಟೆಯಲ್ಲಿ 2.68 ಮೀಟರ್ ಉದ್ದಕ್ಕೆ ಇದು ಒಂದೇ ತುಂಡಾಗಿ ಬರುತ್ತದೆ. ಮುಸುಕಿಗೂ ಸೇರಿಸಿ ಮೂರೂಕಾಲು ಮೀಟರ್ ಕೊಂಡರೆ ಸಾಕು. ಮುಕ್ಕಾಲು ವೃತ್ತಕ್ಕೆ ಒಳಗಿನ ತ್ರಿಜ್ಯ ಒಂಬತ್ತೂವರೆ ಸೆಂ.ಮೀ., ಪೂರ್ತಿ ವೃತ್ತಕ್ಕೆ ಏಳು ಚಿಲ್ಲರೆ. ಪೂರ್ತಿ ವೃತ್ತಕ್ಕೆ ಬಟ್ಟೆ ಎರಡರಷ್ಟು ಹಿಡಿಯುತ್ತದೆ, ಭಾರವೂ ಎರಡರಷ್ಟು. ಸಿನಿಮಾದಲ್ಲಿ ಅಲೆಯಲೆಯಾಗಿ ಬೀಸುವುದು ಇದೇ. ನಡೆದಾಡಲು ಅರ್ಧವೃತ್ತವೇ ಹಿತ.

ಕತ್ತರಿಸುವ ಮುನ್ನ ಉಣ್ಣೆಯನ್ನು ಆವಿಯಲ್ಲಿ ಕುಗ್ಗಿಸಿಕೊಳ್ಳಬೇಕು. ಕುತ್ತಿಗೆಯನ್ನು ಬೆನ್ನಿನ ಕಡೆ ಮೇಲಕ್ಕೂ ಎದುರು ಸ್ವಲ್ಪ ಆಳಕ್ಕೂ ಕೊರೆದರೆ ಕ್ಲೋಕ್ ಹಿಂದಕ್ಕೆ ಜಗ್ಗುವುದಿಲ್ಲ. ಹೊಸದಾಗಿ ಹೊಲಿಯುವವರಿಗೆ ಗೊತ್ತಿರದ ಸಂಗತಿಯೊಂದುಂಟು. ಅರ್ಧವೃತ್ತದ ಒಂದು ಭಾಗ ಬಟ್ಟೆಯ ಉದ್ದನೆಯ ಎಳೆಗೆ, ಇನ್ನೊಂದು ಅಡ್ಡ ಎಳೆಗೆ, ನಡುವಿನದು ಓರೆಗೆ, ಅಂದರೆ ಕ್ರಾಸ್‌ಗೆ ಬರುತ್ತದೆ. ಕ್ರಾಸ್ ಭಾಗ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಆದ್ದರಿಂದ ಮೇಲಿನ ಹೊಲಿಗೆ ಮುಗಿದ ಮೇಲೆ ಕ್ಲೋಕನ್ನು ಒಂದೆರಡು ದಿನ ತೂಗುಹಾಕಿ, ಆಮೇಲೆ ನೆಲದಿಂದ ಅಳೆದು ಕೆಳ ಅಂಚನ್ನು ಸಮ ಮಾಡಬೇಕು. ಇದನ್ನು ಬಿಟ್ಟರೆ ಒಂದೇ ಚಳಿಗಾಲದಲ್ಲಿ ಅಂಚು ಡೊಂಕಾಗುತ್ತದೆ.

ಮುಸುಕು

ಹೊಲಿಗೆಯವರ ಕೈಚಳಕವೆಲ್ಲ ಮುಸುಕಿನಲ್ಲಿ. ಎರಡು ತುಂಡುಗಳನ್ನು ಹಿಂದಲೆಯ ಬಾಗಿಗೆ ಕತ್ತರಿಸಿ ಕೂಡಿಸುವುದು ಇಂದಿನ ಪದ್ಧತಿ. ಹದಿನೆಂಟನೆಯ ಶತಮಾನದವರದು ಬೇರೆ. ಅವರು ಸುಮಾರು 75 ಸೆಂ.ಮೀ. ಉದ್ದ, 38 ಸೆಂ.ಮೀ. ಅಗಲದ ಆಯತವನ್ನು ನಡುವೆ ಮಡಿಸುತ್ತಿದ್ದರು. ಮಡಿಕೆ ನೆತ್ತಿಗೆ ಬರುತ್ತದೆ. ಹಿಂದಿನ ಅಂಚನ್ನು ಕುತ್ತಿಗೆಯಿಂದ ಮೇಲಕ್ಕೆ ಅರ್ಧದವರೆಗೆ ಹೊಲಿದು ನಿಲ್ಲಿಸುತ್ತಿದ್ದರು. ಉಳಿದ ಬಟ್ಟೆಯ ಅಂಚಿನಲ್ಲಿ ಜೇನುಮೇಣ ಸವರಿದ ಗಟ್ಟಿ ನಾರುದಾರದಿಂದ ಸಮ ಅಂತರದ ಉದ್ದ ಹೊಲಿಗೆ ಹಾಕಿ ಎಳೆದರೆ, ಬಟ್ಟೆ ಸಣ್ಣ ಸಣ್ಣ ನೆರಿಗೆಗಳಾಗಿ ಒಂದು ಬಿಂದುವಿಗೆ ಕೂಡುತ್ತದೆ. ಹಿಂದಿನಿಂದ ನೋಡಿದರೆ ನೆರಿಗೆಗಳು ಆ ಬಿಂದುವಿನಿಂದ ಕಿರಣಗಳಂತೆ ಹರಡಿಕೊಂಡಿರುತ್ತವೆ. ಒಳಗಡೆ ಪ್ರತಿ ನೆರಿಗೆಯ ತುದಿಯನ್ನೂ ಬಿಡಿಯಾಗಿ ಕುತ್ತಿ ಭದ್ರ ಮಾಡಬೇಕು. ಇದರಿಂದ ಮುಸುಕಿನ ಹಿಂಭಾಗ ಚೂಪಾಗದೆ ದುಂಡಗೆ ನಿಲ್ಲುತ್ತದೆ, ಒಳಗಿನ ಕೂದಲ ಗಂಟಿಗೂ ಬಿಳಿ ಟೋಪಿಗೂ ಜಾಗ ಸಿಗುತ್ತದೆ. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದವರು ಯಾರೂ ಹಳೆಯ ಮುಸುಕಿನ ಚೆಲುವನ್ನು ತಂದದ್ದಿಲ್ಲ.

ಮುಸುಕಿನ ಒಳಗೂ ಎದುರು ಅಂಚುಗಳ ಒಳಗೂ ರೇಷ್ಮೆಯ ಅಸ್ತರಿ ಕೊಡುತ್ತಿದ್ದರು. ಕೂದಲಿಗೆ ಒರಟು ಉಣ್ಣೆ ತಾಗುವುದಿಲ್ಲ, ಅಂಚೂ ಸವೆಯುವುದಿಲ್ಲ. ಮಿಕ್ಕ ಮೈಗೆ ಅಸ್ತರಿ ಬೇಡ. ಮುಸುಕಿನ ಕೆಳ ಅಂಚು ಕುತ್ತಿಗೆಗಿಂತ ಅಗಲವಾಗಿದ್ದರೆ ಹೆಚ್ಚುವರಿಯನ್ನು ಹಿಂಭಾಗದಲ್ಲೇ ನೆರಿಗೆ ಹಿಡಿದು ಬಖಿಯಾ ಹೊಲಿಗೆಯಿಂದ ಕೂಡಿಸಬೇಕು. ಇಡೀ ಉಡುಪಿನ ಭಾರ ತೂಗುವುದು ಈ ಒಂದು ಕೂಡಿನ ಮೇಲೆ. ಅದರ ಮೇಲೆ ಪಟ್ಟಿ ಮುಚ್ಚಿ, ಎರಡು ತುದಿಗೂ ರಿಬ್ಬನ್ ಲಾಡಿಯನ್ನೋ ಕೊಕ್ಕೆಯನ್ನೋ ಹಾಕಿದರೆ ಕೆಲಸ ಮುಗಿಯಿತು.

ಇಳಿಗಾಲ ಮತ್ತು ಮರುಹುಟ್ಟು

ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಹಚ್ಚಿ ನೀರು ತಡೆಯುವ ಬಟ್ಟೆಗೆ ಪೇಟೆಂಟ್ ಪಡೆದ ಮೇಲೆ ಉಣ್ಣೆಯ ಕ್ಲೋಕ್‌ನ ಮುಖ್ಯ ಕೆಲಸವನ್ನು ಮಳೆಕೋಟು ಕಿತ್ತುಕೊಂಡಿತು. ಛತ್ರಿ, ತೋಳಿನ ಕೋಟು, ಸಿದ್ಧ ಉಡುಪು ಮಿಕ್ಕದ್ದನ್ನು ಮಾಡಿದವು. ಉಬ್ಬುತೋಳು, ಬುಟ್ಟಿಲಂಗಗಳ ಫ್ಯಾಷನ್ ಇದ್ದಷ್ಟು ಕಾಲ ಯಾವ ಕೋಟೂ ಅವುಗಳ ಮೇಲೆ ಹತ್ತದೆ ನಗರದ ಹೆಂಗಸರು ಕ್ಲೋಕನ್ನು ಉಳಿಸಿಕೊಂಡರು. ಇಪ್ಪತ್ತನೆಯ ಶತಮಾನದಲ್ಲಿ ಅದು ಬಹುಮಟ್ಟಿಗೆ ಮಠ, ಹಬ್ಬ, ರಂಗಭೂಮಿಗಳಿಗೆ ಸೀಮಿತವಾಯಿತು. ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಮಧ್ಯಯುಗದ ಬದುಕನ್ನು ಮರುಸೃಷ್ಟಿಸುವ ಹವ್ಯಾಸಿಗಳ ಕೂಟ. ಇಂಥವರು ಹೆರ್ಯೋಲ್ಫ್ಸ್‌ನೆಸ್‌ನ ನಕ್ಷೆಗಳನ್ನು ಮುಂದಿಟ್ಟುಕೊಂಡು ಕೈಯಲ್ಲಿ ಹೊಲಿಯತೊಡಗಿದ ಮೇಲೆ ಹಳೆಯ ಕ್ರಮಗಳಿಗೆ ಮತ್ತೆ ಜೀವ ಬಂತು.

ಕನ್ನಡ ನಾಡಿನ ಬಂಧುಗಳು

ಕರ್ನಾಟಕದಲ್ಲಿ ಯುರೋಪಿನ ಕ್ಲೋಕ್‌ನೊಡನೆ ನಂಟಿಲ್ಲದೆ, ಅದೇ ಅಗತ್ಯದಿಂದ ಹುಟ್ಟಿದ ಉಡುಪುಗಳಿವೆ. ಮಲೆನಾಡಿನ ಕಂಬಳಿಕೊಪ್ಪೆಗೆ ಹೊಲಿಗೆಯೇ ಇಲ್ಲ; ಕುರುಬರು ನೇಯ್ದ ಕಂಬಳಿಯನ್ನು ಮಡಿಸಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟರೆ ಅದೇ ಮುಸುಕು, ಅದೇ ಹೊದಿಕೆ. ದಖ್ಖನಿ ಕುರಿಯ ಒರಟು ಉಣ್ಣೆಗೆ ಹುಣಸೆಬೀಜದ ಗಂಜಿ ಹಾಕಿದರೆ ಅದು ಮಳೆಯನ್ನು ಬಹಳ ಹೊತ್ತು ತಡೆಯುತ್ತದೆ. ಉತ್ತರ ಕರ್ನಾಟಕದ ಕುಂಚಿಗೆಯಂತೂ ಎಲ್ಲ ಲಕ್ಷಣಗಳಲ್ಲೂ ಮುಸುಕಿನ ಕ್ಲೋಕ್: ಕೂಸಿನ ತಲೆಗೆ ಟೊಪ್ಪಿಗೆ, ಅದಕ್ಕೆ ನೆರಿಗೆ ಹಿಡಿದು ಹೊಲಿದ ಬೆನ್ನಹೊದಿಕೆ, ಗದ್ದದ ಕೆಳಗೆ ಕಸೆ. ಖಣದ ಬಟ್ಟೆಯಲ್ಲಿ ಅಜ್ಜಿಯರು ಕೈಯಲ್ಲೇ ಹೊಲಿಯುತ್ತಿದ್ದ ಇದು ಅಂಗಡಿಯ ಉಣ್ಣೆಟೋಪಿಗಳೆದುರು ಹಿಂದೆ ಸರಿದಿದೆ.

ಗ್ರೀನ್‌ಲೆಂಡಿನ ಬಡವರ ಮುಸುಕನ್ನು ಇಂದು ಯಾರು ಬೇಕಾದರೂ ಹೊಲಿಯಬಹುದಾದರೆ ಅದಕ್ಕೆ ಕಾರಣ, ಹರಿದ ಆ ಬಟ್ಟೆಗಳನ್ನು ಯಾರೋ ಬಿಡಿಸಿ, ಅಳೆದು, ಚಿತ್ರ ಬರೆದಿಟ್ಟದ್ದು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕುಂಚಿಗೆ ಉಳಿದಿದ್ದರೆ ಅದನ್ನು ಬಿಚ್ಚಬೇಡಿ, ಒಗೆಯಬೇಡಿ. ಟೊಪ್ಪಿಗೆಯ ಉದ್ದಗಲ, ನೆರಿಗೆಗಳ ಎಣಿಕೆ, ಹೊಲಿಗೆಯ ಬಗೆ, ಬಟ್ಟೆಯ ಹೆಸರು, ಹೊಲಿದವರ ಊರು ಇಷ್ಟನ್ನು ಕಾಗದದ ಮೇಲೆ ಬರೆದು, ಎರಡೂ ಮಗ್ಗುಲಿನ ಚಿತ್ರ ತೆಗೆದು ಅದರ ಜೊತೆಗಿಡಿ. ಹೊಲಿಯಲು ಬಲ್ಲ ಅಜ್ಜಿ ಇದ್ದರೆ ಅವರ ಪಕ್ಕದಲ್ಲಿ ಕುಳಿತು ಒಂದನ್ನು ಹೊಲಿಯಲು ಕಲಿಯಿರಿ.